ಗಣಿಯೂರಿನಲ್ಲಿ ‘ಪುನರುತ್ಥಾನ’

‘ಪುನರುತ್ಥಾನ’ ಕನ್ನಡದ ಮಟ್ಟಿಗೆ ಪುಸ್ತಕದ ಪದ. ಸಂತೆಯಲ್ಲಾಗಲಿ ಮನೆಯಂಗಳದಲ್ಲಾಗಲಿ ಅದು ಕಿವಿಗೆ ಬೀಳುವುದಿಲ್ಲ. ‘ಪುನಃ’ ಎಂದರೆ ಮತ್ತೆ, ‘ಉತ್ಥಾನ’ ಎಂದರೆ ಏಳುವುದು, ಎಚ್ಚರಗೊಳ್ಳುವುದು. ಈ ಎರಡನೆಯ ಭಾಗವಾದರೂ ಕನ್ನಡದ ಮನೆಗಳಿಗೆ ಚಿರಪರಿಚಿತವೇ ಆಗಿದೆ. ಕಾರ್ತಿಕ ಮಾಸದಲ್ಲಿ ತುಳಸಿಕಟ್ಟೆಗೆ ನೆಲ್ಲಿಯ ಕೊಂಬೆ ಸಿಕ್ಕಿಸಿ ದೀಪ ಹಚ್ಚುವ ಉತ್ಥಾನ ದ್ವಾದಶಿ, ವಿಷ್ಣುವು ನಾಲ್ಕು ತಿಂಗಳ ಯೋಗನಿದ್ರೆಯಿಂದ ಏಳುವ ಕಾಲವೆಂದು ಎಲ್ಲರೂ ಬಲ್ಲರು. ಹೀಗೆ ನಿದ್ದೆ ಮತ್ತು ಎಚ್ಚರಗಳ ನಂಟನ್ನು ಮೊದಲೇ ಹೊತ್ತಿದ್ದ ಸಂಸ್ಕೃತದ ಮಾತೊಂದನ್ನು ಕನ್ನಡ ಬೈಬಲ್ ತನ್ನ ಅತ್ಯಂತ ಭಾರವಾದ ನಂಬಿಕೆಯನ್ನು ಹೇಳಲು ಬಳಸಿಕೊಂಡಿತು: ಶಿಲುಬೆಯ ಮೇಲೆ ಸತ್ತು ಸಮಾಧಿಯಾದ ಯೇಸು ಮೂರನೆಯ ದಿನ ದೇಹಸಹಿತನಾಗಿ ಎದ್ದನು, ಆತನನ್ನು ನಂಬಿದವರೂ ಹಾಗೆಯೇ ಏಳುವರು ಎಂಬ ನಂಬಿಕೆ ಅದು. ಕ್ರೈಸ್ತ ಧರ್ಮದ ಉಳಿದೆಲ್ಲ ಬೋಧನೆಗಳೂ ಇದೊಂದರ ಮೇಲೆ ನಿಂತಿವೆಯೆಂದು ಸಂತ ಪೌಲನೇ ಹೇಳಿದ್ದಾನೆ.

ಈ ಪದದ ಬದುಕನ್ನು ವಿಚಾರಿಸಲು ಕೋಲಾರ ಚಿನ್ನದ ಗಣಿ ಪ್ರದೇಶದಷ್ಟು ತಕ್ಕ ನೆಲ ಕರ್ನಾಟಕದಲ್ಲಿ ಮತ್ತೊಂದಿರಲಾರದು. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಕಂಪನಿ ಇಲ್ಲಿಗೆ ಕಾಲಿಟ್ಟ ಮೇಲೆ ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಕಡೆಗಳಿಂದ ಬಂದ ದುಡಿಮೆಯ ಜನ, ಅವರಲ್ಲಿಯೂ ಹೆಚ್ಚಾಗಿ ದಲಿತರು, ‘ಲೈನು’ ಎಂದು ಇಂದಿಗೂ ಕರೆಯಲಾಗುವ ಕಾರ್ಮಿಕ ವಸತಿಗಳ ಸಾಲುಗಳಲ್ಲಿ ನೆಲೆಸಿದರು. ಅವರ ನಡುವೆ ಭರವಸೆಗೆ ಒಂದೇ ಹೆಸರಿರಲಿಲ್ಲವೆಂಬುದನ್ನೂ ಇಲ್ಲಿ ನೆನೆಯಬೇಕು. ತಮಿಳು ದಲಿತ ಚಿಂತಕ ಪಂಡಿತ ಅಯೋತಿ ದಾಸರ ಶಾಕ್ಯ ಬೌದ್ಧ ಸಂಘದ ಶಾಖೆ ಇಲ್ಲಿನ ಮಾರಿಕುಪ್ಪಂನಲ್ಲಿತ್ತು, ಮುಂದೆ ಅಂಬೇಡ್ಕರರ ವಿಚಾರಗಳೂ ಇಲ್ಲಿ ಬೇರೂರಿದವು. ಕ್ರೈಸ್ತರಾದ ಕಾರ್ಮಿಕರಾದರೋ ತಮ್ಮ ಪ್ರಾರ್ಥನೆಯನ್ನು ಬಹುಮಟ್ಟಿಗೆ ತಮಿಳಿನಲ್ಲೇ ನಡೆಸಿದುದರಿಂದ, ತೆಲುಗು ಮತ್ತು ಕನ್ನಡಗಳಿಗೆ ಸಮಾನವಾದ ‘ಪುನರುತ್ಥಾನ’ದ ಪಕ್ಕದಲ್ಲಿ ‘ಉಯಿರ್ತ್ತೆಳುದಲ್’ ಎಂಬ ತಮಿಳು ಮಾತು ಇಲ್ಲಿ ಮೊದಲಿನಿಂದಲೂ ಬಾಳಿದೆ. ಈ ಮಾತಿನ ‘ಉಯಿರ್’ ಕನ್ನಡದ ಉಸಿರಿನ ಒಡಹುಟ್ಟು, ‘ಎಳು’ ಕನ್ನಡದ ‘ಏಳು’ವಿನ ಒಡಹುಟ್ಟು. ಉಸಿರುಗೊಂಡು ಏಳುವುದು ಎಂಬ ಈ ಅರ್ಥದಲ್ಲಿ ‘ಮತ್ತೆ’ ಎಂಬ ಸೂಚನೆಯೇ ಇಲ್ಲವೆಂಬುದು ಗಮನಿಸತಕ್ಕ ಸಂಗತಿ.

ಕನ್ನಡದ ‘ಏಳು’ ಕ್ರಿಯಾಪದದ ಹರಹು ಇನ್ನೂ ದೊಡ್ಡದು. ಮಲಗಿದವರು ಬೆಳಗಿನಲ್ಲಿ ಏಳುತ್ತಾರೆ, ಕಾಯಿಲೆ ಬಿದ್ದವರು ಎದ್ದು ಓಡಾಡುತ್ತಾರೆ, ಮಳೆ ಬಿದ್ದ ಹೊಲದಲ್ಲಿ ಪೈರು ಏಳುತ್ತದೆ, ಅನ್ಯಾಯ ಮಿತಿಮೀರಿದಾಗ ಜನ ದಂಗೆ ಏಳುತ್ತಾರೆ, ಬದುಕು ಸುಧಾರಿಸಿದರೆ ಅದಕ್ಕೆ ‘ಏಳಿಗೆ’ ಎಂಬ ಹೆಸರು ಬರುತ್ತದೆ. ಹೊಸ ಒಡಂಬಡಿಕೆಯ, ಅಂದರೆ ಬೈಬಲ್ಲಿನ ಉತ್ತರಭಾಗದ, ಮೂಲಭಾಷೆಯಾದ ಗ್ರೀಕಿನಲ್ಲಿಯೂ ಈ ನಂಬಿಕೆಗೆ ಬಳಕೆಯಾದವು ಇಂಥ ನಿತ್ಯದ ಮಾತುಗಳೇ: ‘ಎಗೈರೊ’ ಎಂದರೆ ನಿದ್ದೆಯಿಂದ ಎಬ್ಬಿಸು, ‘ಅನಾಸ್ತಾಸಿಸ್’ ಎಂದರೆ ಎದ್ದು ನಿಲ್ಲುವುದು. ಕ್ರೈಸ್ತರ ಸ್ಮಶಾನಕ್ಕೆ ಇಂಗ್ಲಿಷಿನ ಮೂಲಕ ಬಂದ ‘ಸಿಮೆಟ್ರಿ’ ಎಂಬ ಹೆಸರೂ ಮಲಗುವ ಮನೆ ಎಂಬ ಅರ್ಥದ ಗ್ರೀಕ್ ಪದದಿಂದ ಹುಟ್ಟಿದ್ದು. ಹಳೆಯ ಕ್ರೈಸ್ತರು ಸತ್ತವರನ್ನು ಏಳಲಿರುವವರೆಂದು ಭಾವಿಸಿಯೇ ಮಣ್ಣಿಗಿಟ್ಟರು. ರಷ್ಯನ್ ಭಾಷೆಯಂತೂ ಭಾನುವಾರವನ್ನೇ ಪುನರುತ್ಥಾನವೆಂಬ ಪದದಿಂದ ಕರೆಯುತ್ತದೆ. ಟಾಲ್‌ಸ್ಟಾಯ್ 1899ರಲ್ಲಿ ಪ್ರಕಟಿಸಿದ ಕಾದಂಬರಿಗೂ ಅದೇ ಹೆಸರು. ಗಣಿಯೂರಿನ ತಮಿಳು ಕಥೋಲಿಕರು ನವೆಂಬರ್ 2ರ ಮೃತರ ಸ್ಮರಣೆಯ ದಿನವನ್ನು ‘ಕಲ್ಲರೈ’ ಹಬ್ಬವೆಂದು, ಅಂದರೆ ಸಮಾಧಿಯ ಹಬ್ಬವೆಂದು ಕರೆಯುವಾಗ, ದುಃಖದ ದಿನಕ್ಕೆ ಹಬ್ಬವೆಂಬ ಹೆಸರು ಸಲ್ಲುವುದು ಸತ್ತವರು ಏಳುವರೆಂಬ ಈ ಒಂದು ಎಣಿಕೆಯಿಂದಲೇ.

ಆದರೆ ‘ಪುನಃ’ ಎಂಬ ಮೊದಲ ಭಾಗ ಪದಕ್ಕೆ ಒಂದು ತೊಡಕನ್ನು ತಂದಿದೆ. ಕಳೆದುಹೋದ ವೈಭವವನ್ನು ಇದ್ದ ಹಾಗೆಯೇ ಹಿಂದಕ್ಕೆ ತರಬೇಕೆಂಬ ವಿಚಾರಧಾರೆಗೆ ವಿದ್ವಾಂಸರು ‘ಪುನರುತ್ಥಾನವಾದ’ ಎಂಬ ಹೆಸರು ಕೊಟ್ಟದ್ದರಿಂದ, ಪುನರುತ್ಥಾನವೆಂದರೆ ಹಿಂದಿನದಕ್ಕೆ ಮರಳುವುದು ಎಂಬ ಭಾವನೆ ಬಲವಾಗಿದೆ. ಗಣಿಯೂರಿನಲ್ಲಿ ಭರವಸೆಯೂ ಬಹುಕಾಲ ಇದೇ ಅಚ್ಚಿನಲ್ಲಿ ಮೂಡಿತು. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ತನ್ನು ಪಡೆದ, ಚಾಂಪಿಯನ್ ರೀಫ್ಸ್‌ನಲ್ಲಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದ, ಒಂದು ಶತಮಾನಕ್ಕೂ ಮಿಕ್ಕಿದ ಅವಧಿಯಲ್ಲಿ ಸುಮಾರು 800 ಟನ್ ಚಿನ್ನ ಕೊಟ್ಟ ಗಣಿಯನ್ನು ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆ 2001ರ ಫೆಬ್ರವರಿ 28ರಂದು ಮುಚ್ಚಿತು. ಅಂದಿನಿಂದ ಪತ್ರಿಕೆಗಳಲ್ಲಿ, ಚುನಾವಣಾ ಭಾಷಣಗಳಲ್ಲಿ, ಸಂಘಗಳ ಮನವಿಗಳಲ್ಲಿ ‘ಪುನಶ್ಚೇತನ’, ‘ಪುನರಾರಂಭ’ ಎಂಬ ಮಾತುಗಳು ತಪ್ಪದೆ ಬರುತ್ತಿವೆ. ನೀರೆತ್ತುವ ಪಂಪುಗಳು ನಿಂತು ಶಾಫ್ಟುಗಳು, ಅಂದರೆ ಆಳಕ್ಕಿಳಿಯುವ ನೇರ ಸುರಂಗಬಾವಿಗಳು, ನೀರು ತುಂಬಿಕೊಂಡ ಮೇಲೂ ಸಂಗಿನ, ಅಂದರೆ ಗಣಿಯ ಸೈರನ್ನಿನ, ಕೂಗು ಮತ್ತೆ ಕೇಳೀತೆಂದು ಕಾದ ತಲೆಮಾರೊಂದು ಹಾಗೆ ಕಾಯುತ್ತಲೇ ಮುಪ್ಪಾಯಿತು. ಆ ಕಾಯುವಿಕೆಯನ್ನು ಹಗುರವಾಗಿ ಕಾಣುವುದು ಸಲ್ಲದು. ಕೆಲಸ, ಬಾಕಿ ಹಣ, ವಾಸದ ಮನೆಯ ಹಕ್ಕು ಎಲ್ಲವೂ ಅದರೊಳಗೆ ಹೆಣೆದುಕೊಂಡಿದ್ದವು.

ಸುವಾರ್ತೆಗಳು, ಅಂದರೆ ಯೇಸುವಿನ ಜೀವನವನ್ನು ನಿರೂಪಿಸುವ ನಾಲ್ಕು ಪುಸ್ತಕಗಳು, ಮರಳುವಿಕೆ ಮತ್ತು ಪುನರುತ್ಥಾನಗಳ ನಡುವಿನ ವ್ಯತ್ಯಾಸವನ್ನು ಸ್ಪಷ್ಟವಾಗಿ ಕಾಣಿಸುತ್ತವೆ. ಬೇಥಾನ್ಯದ ಲಾಜರನು ಸಮಾಧಿಯಿಂದ ಹೊರಬಂದದ್ದು ತನ್ನ ಹಳೆಯ ಬದುಕಿಗೆ. ಅವನಿಗೆ ಇನ್ನೊಮ್ಮೆ ಸಾವು ತಪ್ಪಿದ್ದಲ್ಲವಾದುದರಿಂದ ಅದನ್ನು ಪುನರುಜ್ಜೀವನವೆನ್ನುವುದೇ ಸರಿ. ಯೇಸು ಎದ್ದದ್ದಾದರೋ ಸಾವು ಮತ್ತೆ ಮುಟ್ಟಲಾರದ ಬದುಕಿಗೆ. ಆತನನ್ನು ಮೊದಲು ಕಂಡ ಮಗ್ದಲದ ಮರಿಯಳು ತೋಟಗಾರನೆಂದೇ ಭಾವಿಸುವಷ್ಟು ಆತ ಬದಲಾಗಿದ್ದನು, ಆದರೂ ಶಿಷ್ಯ ತೋಮನಿಗೆ ತೋರಿಸಿದ ಕೈಗಳಲ್ಲಿ ಮೊಳೆಯ ಗಾಯಗಳು ಹಾಗೆಯೇ ಇದ್ದವು. ಪೌಲನು ಇದನ್ನು ಬಿತ್ತಿದ ಕಾಳು ಮತ್ತು ಎದ್ದ ಪೈರಿನ ಸಂಬಂಧವೆಂದು ವಿವರಿಸಿದನು. ಕೋಲಾರದ ಕೆಮ್ಮಣ್ಣಿನಲ್ಲಿ ರಾಗಿ ಬಿತ್ತುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಾಯಗಳು ಅಳಿಯದೆ ಉಳಿದವು ಎಂಬ ವಿವರವೇ ಈ ನಂಬಿಕೆಯ ಹೃದಯವೆಂದು ತೋರುತ್ತದೆ, ಏಕೆಂದರೆ ನಡೆದದ್ದನ್ನು ನಡೆಯಲೇ ಇಲ್ಲವೆಂದು ಸಾಧಿಸುವ ಸಾಂತ್ವನ ಯಾವ ಗಣಿಯ ವಿಧವೆಗೂ ಬೇಕಾಗಿರುವುದಿಲ್ಲ.

ಇಲ್ಲಿಂದ ಪದದ ಇನ್ನೊಂದು ಆಯಾಮ ತೆರೆದುಕೊಳ್ಳುತ್ತದೆ. ಪ್ರೇಷಿತರ ವಿಶ್ವಾಸಸಂಗ್ರಹವು, ಅಂದರೆ ಕ್ರೈಸ್ತರು ತಮ್ಮ ನಂಬಿಕೆಯನ್ನು ಸಂಕ್ಷೇಪಿಸಿ ಒಟ್ಟಾಗಿ ಹೇಳುವ ಪ್ರಾಚೀನ ಪಠ್ಯವು, ಆತ್ಮದ ಅಮರತ್ವದ ಬದಲಿಗೆ ‘ಶರೀರದ ಪುನರುತ್ಥಾನ’ವನ್ನು ಹೆಸರಿಸುತ್ತದೆ. ಆಳದ ಒತ್ತಡಕ್ಕೆ ಬಂಡೆಯೇ ಸಿಡಿಯುವ ‘ರಾಕ್ ಬರ್ಸ್ಟ್’ಗಳಲ್ಲಿ ನಜ್ಜುಗುಜ್ಜಾದ ದೇಹಗಳನ್ನು ಕಂಡ ಊರಿನಲ್ಲಿ, ಕಲ್ಲಿನ ನುಣ್ಣನೆಯ ಧೂಳು ಶ್ವಾಸಕೋಶದಲ್ಲಿ ಕುಳಿತು ಬರುವ ಸಿಲಿಕೋಸಿಸ್‌ನಿಂದ ಉಸಿರೇ ಭಾರವಾದವರ ಊರಿನಲ್ಲಿ, ‘ಉಸಿರುಗೊಂಡು ಏಳುವುದು’ ಎಂಬ ಮಾತು ಅಲಂಕಾರವಾಗಿ ಉಳಿಯುವುದಿಲ್ಲ. ದೇವರು ದೇಹವನ್ನೇ ಎಬ್ಬಿಸುವನೆಂದು ನಂಬುವ ಸಭೆಗೆ ದೇಹದ ಕೆಮ್ಮು, ದೇಹದ ಹಸಿವು, ದೇಹ ನಿಂತ ನೆಲ ಇವುಗಳನ್ನು ಲೌಕಿಕವೆಂದು ಬದಿಗಿಡುವ ಸ್ವಾತಂತ್ರ್ಯವಿಲ್ಲ. ಚಿನ್ನ ಬೇರ್ಪಡಿಸಿದ ಮೇಲೆ ಉಳಿದ ಪುಡಿಮಣ್ಣಿನ ಸೈನೈಡ್ ಗುಡ್ಡಗಳಿಂದ ಬೇಸಿಗೆಯ ಗಾಳಿಗೆ ಧೂಳು ಏಳುವುದೂ ಆದುದರಿಂದಲೇ ಧರ್ಮದ ಪ್ರಶ್ನೆಯಾಗುತ್ತದೆ. 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟವು ಸಾವಿರ ಎಕರೆಗೂ ಮೀರಿ ಹರಡಿದ ಈ ಗುಡ್ಡಗಳನ್ನು ಹರಾಜು ಹಾಕುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿರುವಾಗ, ಅವುಗಳಲ್ಲಿ ಉಳಿದ ಚಿನ್ನದಷ್ಟೇ ಅವುಗಳ ಧೂಳನ್ನು ಉಸಿರಾಡಿದವರ ಲೆಕ್ಕವೂ ಮುಖ್ಯವೆನ್ನುವ ನೈತಿಕ ಬಲ ಈ ಪದಕ್ಕಿದೆ. ಎರಡನೆಯ ಮಹಾಯುದ್ಧದಲ್ಲಿ ಸೆರೆಯಾಳಾಗಿದ್ದ ಜರ್ಮನಿಯ ದೇವತಾಶಾಸ್ತ್ರಜ್ಞ ಯೂರ್ಗೆನ್ ಮೋಲ್ಟ್‌ಮನ್ 1964ರಲ್ಲಿ ‘ಭರವಸೆಯ ದೇವತಾಶಾಸ್ತ್ರ’ವನ್ನು ಬರೆದಾಗ ಮಂಡಿಸಿದ ಮುಖ್ಯ ವಿಚಾರವೂ ಇದಕ್ಕೆ ಹತ್ತಿರವಾದದ್ದು: ಪುನರುತ್ಥಾನವನ್ನು ನಂಬುವವನು ಇರುವ ಲೋಕದೊಂದಿಗೆ ರಾಜಿಯಾಗಲಾರ, ಭರವಸೆ ಅವನನ್ನು ಅಶಾಂತನನ್ನಾಗಿಸುತ್ತದೆ ಎಂದು ಅವರು ವಾದಿಸಿದರು.

ಗಣಿಯೂರಿನ ನೆರೆಯ ಬಂಗಾರಪೇಟೆಯ ಸಂಗತಿ ಈ ಪದದ ಇನ್ನೊಂದು ಮುಖ. ಮೈಸೂರಿನ ಚೀಫ್ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್‌ನ ಹೆಸರಿನಿಂದ ಹಿಂದೆ ಬೌರಿಂಗ್‌ಪೇಟೆಯಾಗಿದ್ದ ಈ ಪಟ್ಟಣದಿಂದ 1894ರಲ್ಲಿ ಗಣಿಗೆ ರೈಲುದಾರಿ ಬಂದಿತು. ಚಿನ್ನದ ಊರಿಗೆ ಹಾಸಿದ ಆ ಹಳಿಗಳು ಇಂದು ಹೊರುವುದು ಮನುಷ್ಯರನ್ನು; ಮಾರಿಕುಪ್ಪಂ, ಚಾಂಪಿಯನ್, ಉರಿಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ಹತ್ತಿ ಬೆಂಗಳೂರಿನ ಕಾರ್ಖಾನೆ, ಅಂಗಡಿ, ಆಸ್ಪತ್ರೆ, ಕಚೇರಿಗಳಿಗೆ ಹೋಗುವ ಸಹಸ್ರಾರು ಜನರ ದಿನ ಕತ್ತಲಿರುವಾಗಲೇ ಏಳುವುದರಿಂದ ಆರಂಭವಾಗುತ್ತದೆ. ಇದೇ ಬಂಗಾರಪೇಟೆಯಲ್ಲಿ 1937ರಿಂದ ದಕ್ಷಿಣ ಭಾರತ ಬಿಬ್ಲಿಕಲ್ ಸೆಮಿನರಿ ಪಾದ್ರಿಗಳನ್ನು ತರಬೇತುಗೊಳಿಸುತ್ತ ಬಂದಿದೆ. ದೇಹವನ್ನು ಬದಿಗಿಡದ ನಂಬಿಕೆಯ ಗುರುತಾಗಿ ಹತ್ತಿರದ ಕೋಲಾರದಲ್ಲಿ, 1876–78ರ ಮಹಾಕ್ಷಾಮದಲ್ಲಿ ದಿಕ್ಕಿಲ್ಲದ ಮಕ್ಕಳಿಗಾಗಿ ಮಿಷನರಿ ಮಿಸ್ ಆನ್‌ಸ್ಟಿ ನಡೆಸಿದ ಅನಾಥಾಲಯ ಮುಂದೆ ಮೆಥೋಡಿಸ್ಟ್ ಮಿಷನ್ನಿನ ಕೈಸೇರಿತು. ಆ ಮಿಷನ್ನಿನ ಎಲೆನ್ ಥೋಬರ್ನ್ ಕೋವನ್ ಸ್ಮಾರಕ ಆಸ್ಪತ್ರೆ ಇಂದಿಗೂ ಆ ಪಟ್ಟಣದಲ್ಲಿದೆ. ಪುನರುತ್ಥಾನವನ್ನು ಬೋಧಿಸುವ ಪೀಠ ಮತ್ತು ಬೆಳಗಿನ ರೈಲು ಒಂದೇ ಊರಿನಲ್ಲಿರುವುದು ಆಕಸ್ಮಿಕವಾದರೂ, ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 15ನೆಯ ಅಧ್ಯಾಯವನ್ನು ಓದಿದವರಿಗೆ ಅವೆರಡರ ಸಂಬಂಧ ದೂರದ್ದೆನಿಸದು. ಪುನರುತ್ಥಾನವನ್ನು ಕುರಿತು ಬೈಬಲ್ಲಿನಲ್ಲಿರುವ ಅತಿ ದೀರ್ಘವಾದ ಆ ವಾದ 58 ವಚನಗಳ ತನಕ ಸಾಗಿ, ಕೊನೆಯ ಕಹಳೆ, ಸಾವಿನ ಸೋಲು, ಅಳಿಯದ ದೇಹ ಎಲ್ಲವನ್ನೂ ಹಾದು, ಕಟ್ಟಕಡೆಯ ವಚನದಲ್ಲಿ ಓದುಗರು ಸ್ವರ್ಗವನ್ನು ನಿರೀಕ್ಷಿಸುವ ಹೊತ್ತಿಗೆ ಅವರ ದುಡಿಮೆಗೆ ತಿರುಗುತ್ತದೆ: ಸತ್ತವರು ಏಳುವುದು ನಿಜವಾದುದರಿಂದಲೇ ಕರ್ತನಲ್ಲಿ ಪಡುವ ಶ್ರಮ ವ್ಯರ್ಥವಾಗಲಾರದೆಂಬುದು ಪೌಲನು ಮುಟ್ಟಿದ ನಿರ್ಣಯ. ತಾನು ದುಡಿದದ್ದೆಲ್ಲ 2001ರಲ್ಲಿ ನೀರುಪಾಲಾಯಿತೆಂದು ಎಣಿಸಿದ ಗಣಿ ಕಾರ್ಮಿಕನಿಗೂ, ರೋಗಿಯ ಹಾಸಿಗೆ ಸರಿಪಡಿಸಲು ನಸುಕಿನ ರೈಲು ಹಿಡಿಯುವ ಅವನ ಮೊಮ್ಮಗಳಿಗೂ ಆ ವಚನ ಸಮನಾಗಿ ಸಲ್ಲುತ್ತದೆ.