ಎಳನೀರು, ಬೂದಿ ಮತ್ತು ಬರೋಡಾದ ಕಾರ್ಡುಗಳು

ಈ ಸಲದ ಮಾತು ಫ್ಲ್ಯಾಷ್‌ಕಾರ್ಡ್ ಬಗ್ಗೆ. ಇತಿಹಾಸದ ಚಾನೆಲ್‌ನಲ್ಲಿ ಇದ್ಯಾಕೆ ಅಂತ ಕೇಳ್ತೀರಿ. ಕಾರಣ ನಮ್ಮವ್ವ.

ನಾನು ಅಹಮದಾಬಾದಿಗೆ ಬಂದು ಆರು ವರ್ಷ ಆಯ್ತು. ಆಸ್ಪತ್ರೆಗಳ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆಯೋ ಕೆಲಸ. ರೋಗಗಳ ಹೆಸರು ಗೊತ್ತಿರಲಿ ಅಂತ ಫೋನಿನ ಆಂಕಿ ಆಪ್‌ನಲ್ಲಿ ಮುನ್ನೂರು ಕಾರ್ಡ್ ಮಾಡಿಕೊಂಡಿದ್ದೆ. ಬಿಆರ್‌ಟಿಎಸ್ ಬಸ್ಸಲ್ಲಿ ಹೋಗ್ತಾ ಬರ್ತಾ ತಿರುವಿ ಹಾಕೋದು, ಎಲ್ಲದಕ್ಕೂ ‘ಈಸಿ’ ಒತ್ತೋದು.

ಹೋದ ವರ್ಷ ಹಾವೇರಿಯಿಂದ ಬಂದಿದ್ದ ಅವ್ವ ಕಿಡ್ನಿ ತೊಂದರೆಯಿಂದ ನಾಲ್ಕು ದಿನ ಆಸ್ಪತ್ರೆಯಲ್ಲಿದ್ದಳು. ಡಿಸ್ಚಾರ್ಜ್ ಸಮ್ಮರಿಯಲ್ಲಿ ‘ಹೈಪರ್‌ಕಲೀಮಿಯಾ’ ಅಂತ ಇತ್ತು. ಗೊತ್ತಿರೋ ಪದವೇ! ಪೊಟ್ಯಾಶಿಯಂ ಕಡಿಮೆಯಾಗಿದೆ, ಎಳನೀರು ಕುಡಿಸಬೇಕು ಅಂದುಕೊಂಡೆ. ಜೊತೆಗೆ ಕೊಟ್ಟಿದ್ದ ಪಥ್ಯದ ಚೀಟಿ ಗುಜರಾತಿಯಲ್ಲಿತ್ತು, ಯಾರ ಹತ್ತಿರವೂ ಓದಿಸೋ ಗೋಜಿಗೆ ಹೋಗಲಿಲ್ಲ. ದಿನಾ ಎರಡೆರಡು ತ್ರೋಫಾ ತಂದೆ. ಇಲ್ಲಿ ಎಳನೀರಿಗೆ ಹಾಗಂತಾರೆ.

ಐದನೇ ದಿನದ ರಕ್ತಪರೀಕ್ಷೆಯಲ್ಲಿ ಪೊಟ್ಯಾಶಿಯಂ 6 ದಾಟಿತ್ತು. ಸುಮಾರು 5ರ ಒಳಗೆ ಇರಬೇಕಾದದ್ದು. ಏನು ತಗೋತಿದ್ದೀರಿ ಅಂತ ಡಾಕ್ಟರು ಕೇಳಿದರು. ಅವ್ವ ನನ್ನ ಕಡೆ ಕೈ ತೋರಿಸಿ, ತನಗೆ ಬರೋ ಹಿಂದಿಯಲ್ಲಿ, “ನಾರಿಯಲ್ ಪಾನಿ, ಬೇಟಾ ರೋಜ್ ಲಾತಾ” ಅಂದಳು. ಹೆಮ್ಮೆಯಿಂದ. ಡಾಕ್ಟರು ಪೆನ್ನು ಕೆಳಗಿಟ್ಟರು. ಪೊಟ್ಯಾಶಿಯಂ ಮಿತಿ ಮೀರಿದರೆ ಹೃದಯದ ಬಡಿತವೇ ತಪ್ಪುತ್ತೆ. ಅವತ್ತೇ ಮತ್ತೆ ಅಡ್ಮಿಟ್. ಹತೋಟಿಗೆ ಬರೋಕೆ ಎರಡು ದಿನ ಹಿಡೀತು.

ಆ ರಾತ್ರಿ ವಾರ್ಡಿನ ಹೊರಗೆ ಕೂತು ನನ್ನ ಕಾರ್ಡ್ ತೆಗೆದು ನೋಡಿದೆ. ಮುಂದುಗಡೆ ಹೈಪರ್‌ಕಲೀಮಿಯಾ, ಹೈಪೋಕಲೀಮಿಯಾ ಎರಡೂ ಒಟ್ಟಿಗೆ. ಹಿಂದುಗಡೆ ಕಾರಣ, ಲಕ್ಷಣ, ಇಸಿಜಿ, ಔಷಧಿ ಅಂತ ಹನ್ನೊಂದು ಸಾಲು, ಎಲ್ಲಿಂದಲೋ ಕಾಪಿ-ಪೇಸ್ಟ್. ಅದನ್ನ ನೋಡಿದಾಗೆಲ್ಲ ‘ಹಾಂ, ಇದು ಗೊತ್ತು’ ಅನ್ನಿಸ್ತಿತ್ತು. ದಾರೀಲಿ ಸಿಕ್ಕವರ ಮುಖ ಗೊತ್ತು, ಹೆಸರು ಗೊತ್ತಿಲ್ಲ ಅಂತಾರಲ್ಲ, ಆ ಥರದ ಗೊತ್ತು.

ಮುಂದಿನ ತಿಂಗಳು ಆಫೀಸ್ ಕೆಲಸಕ್ಕೆ ವಡೋದರಾಕ್ಕೆ ಹೋದಾಗ ಮಾಂಡವಿ ಹತ್ತಿರದ ಸೆಂಟ್ರಲ್ ಲೈಬ್ರರಿಗೆ ಹೋಗಿದ್ದೆ. ಗಾಜಿನ ನೆಲದ ಪುಸ್ತಕದ ಅಟ್ಟಣಿಗೆ ನೋಡೋ ಆಸೆ. ನೋಡಿದ್ದಕ್ಕಿಂತ ಹೆಚ್ಚು ತಲೇಲಿ ಉಳಿದದ್ದು ಅದರ ಹಿಂದಿನ ಕಥೆ. ಮಹಾರಾಜ ಮೂರನೇ ಸಯಾಜಿರಾವ್ ಗಾಯಕವಾಡ್ ಅಮೆರಿಕದ ಲೈಬ್ರರಿಗಳನ್ನು ಕಂಡು ಬೆರಗಾಗಿ, 1910ರಲ್ಲಿ ವಿಲಿಯಂ ಬೋರ್ಡನ್ ಅನ್ನೋ ಅಮೆರಿಕನ್ ಗ್ರಂಥಪಾಲಕರನ್ನು ಬರೋಡಾಕ್ಕೆ ಕರೆಸಿದರು. 1911ರಲ್ಲಿ ಬೋರ್ಡನ್ ಇಲ್ಲಿ ನಡೆಸಿದ ತರಗತಿಯನ್ನೇ ಭಾರತದ ಮೊದಲ ಗ್ರಂಥಾಲಯ ತರಬೇತಿ ಅನ್ನೋದು. 1912ರಲ್ಲಿ ಇಂಗ್ಲಿಷ್, ಗುಜರಾತಿ, ಮರಾಠಿ ಮೂರರಲ್ಲೂ ‘ಲೈಬ್ರರಿ ಮಿಸೆಲನಿ’ ಪತ್ರಿಕೆ ಶುರುವಾಯ್ತು.

ಬೋರ್ಡನ್ ಬಂದದ್ದು ಮೆಲ್ವಿಲ್ ಡ್ಯೂಯಿಯವರ ಕಾರ್ಡ್ ಕ್ಯಾಟಲಾಗ್ ಪರಂಪರೆಯಿಂದ. 7.5 × 12.5 ಸೆಂ.ಮೀ. ಕಾರ್ಡು, ಒಂದು ಕಾರ್ಡಿನಲ್ಲಿ ಒಂದೇ ಪುಸ್ತಕ, ಹುಡುಕೋ ಪದ ಎಲ್ಲಕ್ಕಿಂತ ಮೇಲೆ. ಅಮೆರಿಕದ ಗ್ರಂಥಾಲಯ ಶಾಲೆಗಳಲ್ಲಿ ಇದಕ್ಕಂತಲೇ ದುಂಡಗಿನ ಕೈಬರಹ ಕಲಿಸ್ತಿದ್ದರು, ಯಾರು ಬರೆದರೂ ಎಲ್ಲರಿಗೂ ಓದೋಕೆ ಬರಲಿ ಅಂತ. ಒಂದು ಸಾಲಿಗೆ ಒಂದೇ ಸಂಗತಿ ಅನ್ನೋದು ಡೇಟಾಬೇಸ್ ಓದಿದ ನಮಗೂ ಹೊಸದಲ್ಲ. ಎಂಟೆಕ್‌ನಲ್ಲಿ ನಾರ್ಮಲೈಸೇಶನ್ ಬರೆದು ಪಾಸಾದವನು ನಾನು, ನನ್ನ ಕಾರ್ಡಿಗೆ ಮಾತ್ರ ಅದನ್ನ ಹಾಕಲಿಲ್ಲ.

ಕ್ಯಾಟಲಾಗ್ ಕಾರ್ಡಿರೋದು ನಾವು ಹುಡುಕೋಕೆ, ಫ್ಲ್ಯಾಷ್‌ಕಾರ್ಡಿರೋದು ನಮ್ಮನ್ನ ಕೇಳೋಕೆ. 1972ರಲ್ಲಿ ಜರ್ಮನ್ ಭಾಷೆಯಲ್ಲಿ ಬರೀತಿದ್ದ ಸೆಬಾಸ್ಟಿಯನ್ ಲೈಟ್ನರ್ ಖಾನೆಗಳ ಡಬ್ಬಿಯೊಂದನ್ನ ಸೂಚಿಸಿದರು: ಉತ್ತರ ಬಂದ ಕಾರ್ಡು ಮುಂದಿನ ಖಾನೆಗೆ, ತಪ್ಪಿದ್ದು ವಾಪಸ್ ಮೊದಲನೆಯದಕ್ಕೆ. ಪೋಲೆಂಡಿನ ಪಿಯೋತ್ರ್ ವೊಜ್ನಿಯಾಕ್ 1987ರಲ್ಲಿ ಇಂಥ ಲೆಕ್ಕವನ್ನ ಕಂಪ್ಯೂಟರಿಗೆ ಹಾಕಿದರು. 2006ರಲ್ಲಿ ಆಂಕಿ ಬಂತು. ನಮ್ಮ ಅಸಾರ್ವಾದ ಬಿ.ಜೆ. ಮೆಡಿಕಲ್ ಕಾಲೇಜು 1871ರಲ್ಲಿ 14 ವಿದ್ಯಾರ್ಥಿಗಳ ಶಾಲೆಯಾಗಿ ಶುರುವಾದದ್ದು. ಆ 14 ಜನ ಈ ಗ್ರೀಕ್ ಲ್ಯಾಟಿನ್ ಪದಗಳನ್ನ ಹೇಗೆ ತಲೆಗೆ ಹಾಕಿಕೊಂಡರೋ ಅಂತ ಆ ಕಡೆ ಹೋದಾಗೆಲ್ಲ ಅಂದುಕೊಳ್ತೀನಿ.

1999ರಲ್ಲಿ ವೊಜ್ನಿಯಾಕ್ ಕಾರ್ಡ್ ಬರೆಯೋಕೆ ಇಪ್ಪತ್ತು ನಿಯಮ ಹೇಳಿದರು. ಮೊದಲನೆಯದೇ, ಅರ್ಥ ಆಗದ್ದನ್ನ ಕಲಿಯೋಕೆ ಹೋಗಬೇಡ ಅಂತ. ಸರಿ, ಅರ್ಥ ಆಗೋದು ಯಾವ ಭಾಷೇಲಿ? ಇಲ್ಲಿ ಸೂರತ್‌ನ ತ್ರಿಭುವನದಾಸ್ ಗಜ್ಜರ್ ನೆನಪಾಗ್ತಾರೆ. ಕೆಮಿಸ್ಟ್ರಿ ಮೇಷ್ಟ್ರು. 1890ರಲ್ಲಿ ಅದೇ ಸಯಾಜಿರಾವ್ ಬೆಂಬಲದಿಂದ ವಡೋದರಾದಲ್ಲಿ ಕಲಾಭವನ ಶುರುಮಾಡಿದರು. ಬಟ್ಟೆಗೆ ಬಣ್ಣ ಹಾಕೋ ರಸಾಯನಶಾಸ್ತ್ರವನ್ನ ಹುಡುಗರ ಮಾತಿನಲ್ಲೇ, ಅಂದರೆ ಗುಜರಾತಿಯಲ್ಲೇ ಕಲಿಸಬೇಕು ಅನ್ನೋದು ಅವರ ಹಠ. ನಮ್ಮ ಕಡೆ ಡಾ. ಡಿ.ಎಸ್. ಶಿವಪ್ಪನವರು ‘ವೈದ್ಯಕ ಪದಗಳ ಹುಟ್ಟು ರಚನೆ’ ಅಂತ ಪುಸ್ತಕವನ್ನೇ ಬರೆದಿದ್ದಾರೆ. ಪದ ಒಡೆದು ನೋಡೋ ಚಟ ಹತ್ತಿದ ಮೇಲೆ ಅದರ ಬೆಲೆ ನನಗೆ ಗೊತ್ತಾಯ್ತು.

ಮುನ್ನೂರು ಕಾರ್ಡನ್ನೂ ಅಳಿಸಿ, ಈ ಸಲ ಕೈಯಲ್ಲೇ, ಕನ್ನಡದಲ್ಲೇ ಬರೆದೆ. ‘ಎಮಿಯಾ’ ಅಂದರೆ ರಕ್ತದಲ್ಲಿ, ಅದಕ್ಕೊಂದು ಕಾರ್ಡು. ‘ಕಲ್’ ಬಂದದ್ದು ಅರಬ್ಬಿಯ ‘ಅಲ್ ಕಲಿ’ಯಿಂದ, ಅಂದರೆ ಗಿಡ ಸುಟ್ಟ ಬೂದಿ. ಬೂದಿಯಲ್ಲಿ ಪೊಟ್ಯಾಶಿಯಂ ಇರುತ್ತೆ. ಆ ಕಾರ್ಡಿನ ಹಿಂದೆ ಒಲೆ ಬೂದಿಯಲ್ಲಿ ಪಾತ್ರೆ ತಿಕ್ಕೋ ನಮ್ಮಜ್ಜಿಯ ಚಿತ್ರ ಬರೆದೆ, ಕೆಟ್ಟದಾಗಿ. ಹೈಪೋಗೆ ಹೈಪೋಡರ್ಮಿಕ್ ಸೂಜಿ, ಚರ್ಮದ ಕೆಳಗೆ ಹೋಗೋದು. ಹೈಪರ್‌ಗೆ ನಮ್ಮ ಆಫೀಸ್ ಮಾತೇ ಸಾಕು: “ಯಾಕೆ ಹೈಪರ್ ಆಗ್ತೀಯ?” ಇವೆರಡನ್ನ ಒಂದೇ ಕಾರ್ಡಿನಲ್ಲಿ ಮತ್ತೆ ಹಾಕಿಲ್ಲ.

ಒಂದೇ ಥರ ಕೇಳಿಸೋ ಪದಗಳಿಗೆ ಪ್ರಶ್ನೆಯನ್ನೇ ತಿರುಗಿಸಿದೆ. ‘ಡಿಸ್ಫೇಜಿಯಾ ಅಂದರೇನು’ ಅಂತ ಕೇಳಲ್ಲ, “ಅಜ್ಜನಿಗೆ ಅನ್ನ ನುಂಗೋಕೆ ಆಗ್ತಿಲ್ಲ, ಯಾವ ಪದ?” ಅಂತ ಕೇಳ್ತೀನಿ. “ಅಜ್ಜನಿಗೆ ಹೇಳಬೇಕಾದ ಮಾತು ಸಿಗ್ತಿಲ್ಲ” ಅಂದರೆ ಡಿಸ್ಫೇಸಿಯಾ. ಉತ್ತರ ಒಂದೇ ಪದ, ಬಂದರೆ ಬಂತು, ಇಲ್ಲಾಂದ್ರೆ ಇಲ್ಲ. ‘ಈಸಿ’ ಒತ್ತಿ ನನಗೆ ನಾನೇ ಸುಳ್ಳು ಹೇಳಿಕೊಳ್ಳೋಕೆ ಜಾಗ ಇಲ್ಲ.

ಈಗ ರಾತ್ರಿ ಊಟ ಆದಮೇಲೆ ಅವ್ವನೇ ಕಾರ್ಡು ಹಿಡಿದು ಕೇಳ್ತಾಳೆ. ಎಲ್ಲ ಕನ್ನಡದಲ್ಲಿರೋದರಿಂದ ಅವಳಿಗೂ ಓದೋಕೆ ಬರುತ್ತೆ. ಹೈಪೋ ಕಾರ್ಡಿಗೆ ನಾನು ಅರೆಕ್ಷಣ ತಡವರಿಸಿದರೂ ಸಾಕು, ಕನ್ನಡಕದ ಮೇಲಿಂದ ನೋಡಿ, “ತ್ರೋಫಾ ತರ್ತಿಯೇನಪಾ?” ಅಂತಾಳೆ.