ಎಣ್ಣೆ ಉಣ್ಣುವ ಬ್ಯಾಕ್ಟೀರಿಯಾ

ಮಣ್ಣಿನಲ್ಲಿರುವ ಕೆಲವು ಬ್ಯಾಕ್ಟೀರಿಯಾಗಳು ಪೆಟ್ರೋಲಿಯಂ ತಿಂದೇ ಬದುಕಬಲ್ಲವು ಎಂಬುದು ಹೊಸ ಶೋಧವಲ್ಲ. ನೆದರ್ಲೆಂಡ್ಸ್‌ನ ಸೋಂಗೆನ್ 1913ರಲ್ಲೇ ಇಂಥ ಸೂಕ್ಷ್ಮಜೀವಿಗಳ ಬಗ್ಗೆ ಬರೆದಿದ್ದರು. 1946ರಲ್ಲಿ ಅಮೆರಿಕದ ಕ್ಲಾಡ್ ಜೋಬೆಲ್ ಕೊಟ್ಟ ಲೆಕ್ಕದಲ್ಲಿ ಅವುಗಳ ಸಂಖ್ಯೆ ಸುಮಾರು 100 ಪ್ರಭೇದ.

ಈ ಅರಿವನ್ನು ತೈಲ ಸಂಸ್ಕರಣಾಗಾರಗಳು ಬೇಸಾಯದಂತೆಯೇ ಬಳಸಿಕೊಂಡವು. ಟ್ಯಾಂಕಿನ ತಳದಲ್ಲಿ ಉಳಿದ ಎಣ್ಣೆಗೆಸರನ್ನು ಬಯಲಿನಲ್ಲಿ ತೆಳುವಾಗಿ ಹರಡಿ, ರಸಗೊಬ್ಬರ ಎರಚಿ, ಮಣ್ಣು ಒಣಗದಂತೆ ನೀರು ಹಾಯಿಸಿ ಆಗಾಗ ಉಳುತ್ತಿದ್ದರು. ಎಣ್ಣೆಯಲ್ಲಿ ಇಂಗಾಲ ಧಾರಾಳವಾಗಿದ್ದರೂ ಸಾರಜನಕ, ರಂಜಕಗಳು ಸಾಲದು. ಗೊಬ್ಬರ ಆ ಕೊರತೆ ನೀಗಿಸುತ್ತದೆ. ಉಳುಮೆಯಿಂದ ಆಮ್ಲಜನಕ ಸಿಗುತ್ತದೆ. ಬ್ಯಾಕ್ಟೀರಿಯಾಗಳು ಎಣ್ಣೆಯನ್ನು ಒಡೆದು ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗಿಸುತ್ತವೆ. 1972ರಲ್ಲಿ ಪೆನ್ಸಿಲ್ವೇನಿಯಾದ ಆಂಬ್ಲರ್‌ನಲ್ಲಿ ರಿಚರ್ಡ್ ರೇಮಂಡ್ ಇದೇ ತತ್ವವನ್ನು ನೆಲದಡಿಗೆ ಒಯ್ದರು. ಕೊಳವೆಯಿಂದ ಸೋರಿದ ಪೆಟ್ರೋಲು ಸೇರಿಕೊಂಡಿದ್ದ ಅಂತರ್ಜಲಕ್ಕೆ ಪೋಷಕ ಲವಣ ಮತ್ತು ಗಾಳಿಯನ್ನು ಹಾಯಿಸಿದರು. 1974ರಲ್ಲಿ ಈ ವಿಧಾನಕ್ಕೆ ಪೇಟೆಂಟ್ ದೊರೆಯಿತು.

ಜಗತ್ತಿನ ಗಮನ ಸೆಳೆದದ್ದು ಮಾತ್ರ ಬೇರೊಂದು ಪೇಟೆಂಟ್. ಬಂಗಾಳ ಮೂಲದ ಆನಂದ ಮೋಹನ ಚಕ್ರವರ್ತಿ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದಾಗ, ತೈಲದ ಬೇರೆ ಬೇರೆ ಘಟಕಗಳನ್ನು ಒಡೆಯಲು ನೆರವಾಗುವ, ಡಿಎನ್‌ಎ ಉಂಗುರಗಳಾದ ಹಲವು ಪ್ಲಾಸ್ಮಿಡ್‌ಗಳನ್ನು ಒಂದೇ ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾದಲ್ಲಿ ಕೂಡಿಸಿದರು. 1980ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 5–4 ಬಹುಮತದಿಂದ ಅದಕ್ಕೆ ಪೇಟೆಂಟ್ ಪಡೆಯುವ ಅರ್ಹತೆಯಿದೆ ಎಂದಿತು. ಕಾನೂನಿನ ಚರಿತ್ರೆಯಲ್ಲಿ ಅದು ದೊಡ್ಡ ತಿರುವು. ಆದರೆ ಆ ಬ್ಯಾಕ್ಟೀರಿಯಾವನ್ನು ತೈಲ ಸೋರಿಕೆಯ ಮೇಲೆ ಎಂದೂ ಬಿಡಲಿಲ್ಲ.

ನಿಜವಾದ ಪರೀಕ್ಷೆ ಎದುರಾದದ್ದು 1989ರ ಮಾರ್ಚ್ 24ರಂದು. ಅಲಾಸ್ಕಾದಲ್ಲಿ ಎಕ್ಸಾನ್ ವಾಲ್ಡೀಸ್ ಹಡಗು ಬಂಡೆಗೆ ತಗುಲಿ ಸುಮಾರು 4 ಕೋಟಿ ಲೀಟರ್ ಕಚ್ಚಾ ತೈಲ ಸಮುದ್ರಕ್ಕೆ ಸೇರಿತು. ವಿಜ್ಞಾನಿಗಳು ಹೊರಗಿನಿಂದ ಬ್ಯಾಕ್ಟೀರಿಯಾ ತರುವ ಬದಲು, ದಡದ ಕಲ್ಲುಗಳಲ್ಲಿ ಮೊದಲೇ ಇದ್ದವುಗಳಿಗೆ ಗೊಬ್ಬರ ಉಣಿಸಿದರು. ಕೆಲವೇ ವಾರಗಳಲ್ಲಿ, ಗೊಬ್ಬರ ಹಾಕಿದ ಪಟ್ಟಿ ಕರಿಯ ದಡದ ನಡುವೆ ಬೆಳ್ಳಗಿನ ಆಯತವಾಗಿ ಕಣ್ಣಿಗೆ ಬಿತ್ತು. ಅಲ್ಲಿದ್ದ ಜೀವಿಗಳಿಗೇ ಮೇವು ಒದಗಿಸಿದ ಈ ನಿರ್ಧಾರವೇ ಇಡೀ ಚರಿತ್ರೆಯಲ್ಲಿ ಅತ್ಯಂತ ವಿವೇಕದ್ದು. ಆದರೆ ಆಮ್ಲಜನಕ ತಲುಪದ ಕಡೆ ಕೆಲಸ ಕೆಟ್ಟಿತು. 2001ರ ಸಮೀಕ್ಷೆಯಲ್ಲೂ ಜಲ್ಲಿಯ ಅಡಿಯಲ್ಲಿ ತೈಲ ಸಿಕ್ಕಿತು.

ಭಾರತದಲ್ಲಿ ದೆಹಲಿಯ ಟೇರಿ ಸಂಸ್ಥೆ ಐದು ಬಗೆಯ ಬ್ಯಾಕ್ಟೀರಿಯಾಗಳನ್ನು ಒಟ್ಟುಗೂಡಿಸಿ 'ಆಯಿಲ್‌ಜಾಪರ್' ರೂಪಿಸಿತು. ಮೆಕ್ಕೆಜೋಳದ ದಿಂಡಿನ ಪುಡಿಗೆ ಸೇರಿಸಿದ ಈ ಬ್ಯಾಕ್ಟೀರಿಯಾಗಳನ್ನು ಎಣ್ಣೆ ಹಿಡಿದ ನೆಲದಲ್ಲಿ ಪೋಷಕಾಂಶದೊಂದಿಗೆ ಬೆರೆಸುತ್ತಾರೆ. ಹಗುರ ಘಟಕಗಳು ಬೇಗ ಕರಗುತ್ತವೆ. ಡಾಂಬರಿನಂಥ ಭಾರದ ಭಾಗ ಬಹುಕಾಲ ಮಣ್ಣಿನಲ್ಲೇ ಉಳಿಯುತ್ತದೆ.