ಕಲಬುರಗಿಯ ಸುಲ್ತಾನರೂ ನಡುನಾಡಿನ ಮಿತ್ರರೂ

ಕಲಬುರಗಿಯ ಹಫ್ತ್ ಗುಂಬಜಿನ ಗೋರಿಗಳಲ್ಲಿ ಎಲ್ಲಕ್ಕೂ ದೊಡ್ಡದು ಫಿರೋಜ್ ಷಹ ಬಹಮನಿಯದು. ಜೋಡಿ ಗುಮ್ಮಟಗಳ ಆ ಭವ್ಯವಾದ ಕಟ್ಟಡವನ್ನು ಕಂಡವರು ಅದನ್ನು ಗೆದ್ದು ಬಾಳಿದ ಅರಸನ ಸ್ಮಾರಕವೆಂದೇ ಭಾವಿಸುವರು. ಆದರೆ ಅಲ್ಲಿ ಮಲಗಿರುವವನು ಸೋತು, ಬಳಲಿ, 1422ರಲ್ಲಿ ಸಿಂಹಾಸನವನ್ನು ತಮ್ಮನಿಗೆ ಒಪ್ಪಿಸಿ, ಬೇಗನೆ ತೀರಿಕೊಂಡವನು. ನಗರದಿಂದ ಈಶಾನ್ಯಕ್ಕೆ ಹೊರಟು, ಕಮಲಾಪುರದ ಮೇಲೆ ಹುಮನಾಬಾದಿಗೂ ಬೀದರಿಗೂ ಹೋಗುವ ದಾರಿಯೊಂದುಂಟು. ಆ ತಮ್ಮನ ಕಾಲದಲ್ಲಿ ರಾಜಧಾನಿಯು ಕಲಬುರಗಿಯನ್ನು ಬಿಟ್ಟು ಆ ದಿಕ್ಕಿಗೇ ಸರಿಯಿತು. ಈ ಗೋರಿಗೂ ಈ ದಾರಿಗೂ ಇರುವ ಸಂಬಂಧವೇನೆಂಬುದು ನಮ್ಮ ಇಂದಿನ ವಿಚಾರ.

ಬಹಮನಿ, ವಿಜಯನಗರಗಳ ವೈರವನ್ನು ನಾವು ಸಾಮಾನ್ಯವಾಗಿ ಇಬ್ಬರು ಜಟ್ಟಿಗಳ ಕುಸ್ತಿಯಂತೆ ಚಿತ್ರಿಸಿಕೊಳ್ಳುತ್ತೇವೆ. ಅಖಾಡವು ಕೃಷ್ಣಾ ತುಂಗಭದ್ರೆಗಳ ನಡುವಣ ರಾಯಚೂರು, ಮುದಗಲ್ಲುಗಳ ನಾಡು. ಪಣವು ಆ ನೆಲದ ಫಲ. ಈ ಚಿತ್ರ ಸುಳ್ಳಲ್ಲ, ಅಪೂರ್ಣ. 1347ರಲ್ಲಿ ಸ್ಥಾಪಿತವಾದ ಬಹಮನಿ ರಾಜ್ಯಕ್ಕೆ ಮೊದಮೊದಲ ಕಾಳಗಗಳಲ್ಲಿ ಮೇಲುಗೈ ಇತ್ತು. 1397ರಲ್ಲಿ ಫಿರೋಜನು ಪಟ್ಟವೇರುವ ಹೊತ್ತಿಗೆ, ಗೋವೆಯನ್ನು ಬಹಮನಿಗಳಿಂದ ಕಸಿದುಕೊಂಡಿದ್ದ ವಿಜಯನಗರವು ಎರಡನೆಯ ಹರಿಹರನ ಆಳಿಕೆಯಲ್ಲಿ ದಿನದಿನಕ್ಕೆ ಪ್ರಬಲಿಸುತ್ತಿತ್ತು. ಬಲವಾಗಿ ನೆಲೆಯೂರಿದ ರಾಜ್ಯವೊಂದು ಬೆಳೆಯುತ್ತಿರುವ ಎದುರಾಳಿಯನ್ನು ಹೇಗೆ ಎದುರಿಸಬೇಕು? ಈ ಪ್ರಶ್ನೆಗೆ ಕಲಬುರಗಿಯು ಕೊಟ್ಟ ಉತ್ತರವನ್ನು ರೂಪಿಸಿದ್ದು ಎದುರಾಳಿಯ ಬಲವೊಂದೇ ಅಲ್ಲ. ಸುತ್ತಣ ಸಣ್ಣ ರಾಜ್ಯಗಳ ಒಲವು ಮುನಿಸುಗಳೂ ಅಷ್ಟೇ ಮಟ್ಟಿಗೆ ಅದನ್ನು ರೂಪಿಸಿದುವು.

ನಮ್ಮ ಅರ್ಥಶಾಸ್ತ್ರಕಾರರು ಇದನ್ನು ಬಹಳ ಹಿಂದೆಯೇ ಬಲ್ಲರು. ಅವರು ಹೇಳಿದ ರಾಜಮಂಡಲದಲ್ಲಿ ಎದುರಿಗಿರುವ ಅರಿಯಷ್ಟೇ ಅಪಾಯಕಾರಿ ಬೆನ್ನ ಹಿಂದಿನಿಂದ ಹಿಮ್ಮಡಿ ಹಿಡಿಯುವ ಪಾರ್ಷ್ಣಿಗ್ರಾಹ. ಫಿರೋಜನಿಗೆ ಈ ಮಾತು ಆಳಿಕೆಯ ಆರಂಭದಲ್ಲಿಯೇ ಅನುಭವಕ್ಕೆ ಬಂದಿತು. ಅವನು ದಕ್ಷಿಣದಲ್ಲಿ ಹರಿಹರನೊಡನೆ ತೊಡಗಿರುವಾಗ ಉತ್ತರದಲ್ಲಿ ಖೇರ್ಲದ ರಾಜ ನರಸಿಂಗನು ಬೇರಾರಿಗೆ ನುಗ್ಗಿದನು. ಹರಿಹರನೊಡನೆ ಒಪ್ಪಂದವಾದ ಮೇಲೆ ಫಿರೋಜನು ಉತ್ತರಕ್ಕೆ ತಿರುಗಿ ನರಸಿಂಗನನ್ನು ಮಣಿಸಿ, ಅವನ ಮಗಳನ್ನು ವರಿಸಿ, ಹಗೆಯನ್ನು ನಂಟನನ್ನಾಗಿ ಮಾಡಿಕೊಂಡನು. ಇದು ಜಾಣತನದ ಕೆಲಸ.

ಮುಂದಿನ ಹೆಜ್ಜೆ ಅಷ್ಟು ಜಾಣತನದ್ದಾಗಲಿಲ್ಲ. ಸುಮಾರು ಇನ್ನೂರು ವರ್ಷಗಳ ತರುವಾಯ ಬಿಜಾಪುರದಲ್ಲಿ ಕುಳಿತು ಬರೆದ ಫೆರಿಷ್ತಾ ಹೇಳುವಂತೆ, 1401ರ ಸುಮಾರಿಗೆ ಫಿರೋಜನು ತೈಮೂರನಿಗೆ ಕಾಣಿಕೆಗಳೊಡನೆ ರಾಯಭಾರವನ್ನು ಕಳುಹಿಸಿದನು. ತೈಮೂರನು ಪ್ರಸನ್ನನಾಗಿ ಮಾಳವ, ಗುಜರಾತುಗಳ ಒಡೆತನವನ್ನು ಅವನಿಗೆ ದಯಪಾಲಿಸಿದನು. ಕೊಟ್ಟದ್ದು ಬರಿಯ ಕಾಗದ. ಆದರೆ ಸುದ್ದಿಯನ್ನು ಕೇಳಿ ಬೆದರಿದ ಮಾಳವ, ಗುಜರಾತು, ಖಾನದೇಶಗಳ ಒಡೆಯರು ವಿಜಯನಗರದ ರಾಯನೊಡನೆ ಗುಟ್ಟಾಗಿ ಪತ್ರವ್ಯವಹಾರ ನಡೆಸಿದರಂತೆ. ದೂರದ ಮಿತ್ರನೊಬ್ಬನನ್ನು ಗಳಿಸಹೋಗಿ ಹತ್ತಿರದ ಮೂವರನ್ನು ಎದುರಾಳಿಯ ಕಡೆಗೆ ನೂಕಿದಂತಾಯಿತು. ಮತವೊಂದೇ ಆದ ಮಾತ್ರಕ್ಕೆ ರಾಜಕಾರ್ಯದಲ್ಲಿ ಪಕ್ಷವೂ ಒಂದೇ ಆಗುವುದಿಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು.

ಆದರೂ 1406ರಲ್ಲಿ ಮೊದಲನೆಯ ದೇವರಾಯನೊಡನೆ ಆರಂಭವಾದ ಯುದ್ಧದಲ್ಲಿ ಫಿರೋಜನೇ ಗೆದ್ದು ಬಂಕಾಪುರದ ಕೋಟೆಯನ್ನು ಪಡೆದನು. ಮುಂದೆ ಸ್ಪರ್ಧೆಯು ತೆಲುಗು ನಾಡಿಗೆ ಹೊರಳಿತು. ಅಲ್ಲಿ ಮೂರು ಸಣ್ಣ ಶಕ್ತಿಗಳು: ರಾಚಕೊಂಡದ ವೆಲಮರು, ಕೊಂಡವೀಡಿನ ರೆಡ್ಡಿಗಳು, ರಾಜಮಹೇಂದ್ರಿಯ ರೆಡ್ಡಿಗಳು. ವೆಲಮರು ಬಹುಕಾಲದಿಂದ ಬಹಮನಿಗಳ ಮಿತ್ರರು. ರಾಜಮಹೇಂದ್ರಿಯ ಕಾಟಯ ವೇಮನು ವಿಜಯನಗರದ ಪಕ್ಷ. ಅವನಿಗೆ ಪ್ರತಿಯಾಗಿ ನಿಂತ ಕೊಂಡವೀಡಿನ ಪೆದಕೋಮಟಿ ವೇಮನೊಡನೆ ಫಿರೋಜನು ಸ್ನೇಹ ಬೆಳೆಸಿದನು. ಮೇಲುನೋಟಕ್ಕೆ ಇದು ಲಾಭ: ಇದ್ದ ಮಿತ್ರನೊಬ್ಬ, ಬಂದ ಮಿತ್ರನೊಬ್ಬ, ಒಟ್ಟು ಇಬ್ಬರು. ಆದರೆ ಕೊಂಡವೀಡಿನವರು ವೆಲಮರಿಗೆ ಹುಟ್ಟುಹಗೆಗಳು. ತಮ್ಮ ಹಗೆಯನ್ನು ಅಪ್ಪಿಕೊಂಡ ಸುಲ್ತಾನನನ್ನು ತೊರೆದು ವೆಲಮರು ದೇವರಾಯನ ಪಕ್ಷಕ್ಕೆ ಹೋದರೆಂದು ಇತಿಹಾಸಕಾರರು ವಿವರಿಸುತ್ತಾರೆ. ಕೂಡುವ ಲೆಕ್ಕವೆಂದು ಫಿರೋಜನು ಎಣಿಸಿದ್ದು ಕಳೆಯುವ ಲೆಕ್ಕವಾಗಿತ್ತು.

ಅದರ ಬೆಲೆಯನ್ನು ಅವನು ಪಾನಗಲ್ಲಿನಲ್ಲಿ ತೆತ್ತನು. ಕೃಷ್ಣೆಯ ಉತ್ತರಕ್ಕಿರುವ ಆ ಕೋಟೆಗೆ 1417ರಲ್ಲಿ ಮುತ್ತಿಗೆ ಹಾಕಿದ ಬಹಮನಿ ಸೇನೆಯು ಸುಮಾರು ಎರಡು ವರ್ಷ ಅಲ್ಲಿಯೇ ಸಿಕ್ಕಿಬಿದ್ದಿತು. ಪಾಳೆಯದಲ್ಲಿ ಬೇನೆ ಹಬ್ಬಿ ಆಳೂ ಕುದುರೆಯೂ ಸತ್ತುವು. ಕೊನೆಗೆ ದೇವರಾಯನೂ ಅವನ ಮಿತ್ರರೂ ಬಂದೆರಗಿದರು. ಸುಲ್ತಾನನ ಹಿರಿಯ ಮಂತ್ರಿ ಮೀರ್ ಫಜಲುಲ್ಲಾ ಇಂಜೂ ಹತನಾದನು. ವಿಜಯನಗರದ ದಂಡು ಬಹಮನಿ ಸೀಮೆಯೊಳಕ್ಕೆ ನುಗ್ಗಿ ಊರುಗಳನ್ನು ಹಾಳುಮಾಡಿತು. ಫಿರೋಜನು ಮತ್ತೆ ಚೇತರಿಸಿಕೊಳ್ಳಲಿಲ್ಲ.

ಇಂತಹುದು ನಮ್ಮ ನಾಡಿಗೆ ಮಾತ್ರ ಮೀಸಲಾದುದಲ್ಲ. ಬೆಳೆಯುತ್ತಿದ್ದ ಅಥೆನ್ಸನ್ನು ಕಂಡು ಸ್ಪಾರ್ಟಾ ಶಂಕಿಸುತ್ತಿದ್ದಾಗ, ಅದನ್ನು ಯುದ್ಧಕ್ಕೆ ಒತ್ತಾಯಿಸಿದುದು ಮಿತ್ರನಾದ ಕೊರಿಂಥ್ ಪಟ್ಟಣ. ನೀವು ನೆರವಾಗದಿದ್ದರೆ ಬೇರೆ ಮಿತ್ರರನ್ನು ನೋಡಿಕೊಳ್ಳುತ್ತೇವೆಂದು ಕೊರಿಂಥಿನವರು ಹೆದರಿಸಿದುದನ್ನು ಥೂಕಿಡಿಡೀಸನು ದಾಖಲಿಸಿದ್ದಾನೆ. ದೊಡ್ಡವನು ಮಿತ್ರನನ್ನು ನಡೆಸುತ್ತೇನೆಂದುಕೊಳ್ಳುವನು. ಎಷ್ಟೋ ವೇಳೆ ಮಿತ್ರನೇ ದೊಡ್ಡವನನ್ನು ನಡೆಸುವನು. ಕೊರಿಂಥ್ ತನ್ನ ಜಗಳಕ್ಕೆ ಸ್ಪಾರ್ಟಾವನ್ನು ಎಳೆಯಿತು. ವೆಲಮರು ತಮ್ಮ ಹಗೆಗಾಗಿ ಕಲಬುರಗಿಯನ್ನು ಬಿಟ್ಟುಕೊಟ್ಟರು.

ಫಿರೋಜನ ತಮ್ಮ ಅಹಮದ್ ಷಹನು ಈ ಪಾಠವನ್ನು ಕಲಿತಂತೆ ತೋರುತ್ತದೆ. ಪಟ್ಟಕ್ಕೆ ಬಂದ ಮರುವರ್ಷವೇ ಅವನು ವಿಜಯನಗರದ ಮೇಲೆ ದಂಡೆತ್ತಿದನು. ಆಗ ರಾಯನ ನೆರವಿಗೆ ಬಂದಿದ್ದ ವಾರಂಗಲ್ಲಿನ ಒಡೆಯನು ನಡುವೆಯೇ ತನ್ನ ಸೇನೆಯನ್ನು ಹಿಂತೆಗೆದನೆಂದು ಫೆರಿಷ್ತಾ ಬರೆದಿದ್ದಾನೆ. ಆ ಹಿಂತೆಗೆತವು ಅವನನ್ನು ಉಳಿಸಲಿಲ್ಲ. ಅಹಮದನು ಮಿತ್ರರನ್ನು ಹುಡುಕುವ ಗೊಡವೆಗೆ ಹೋಗದೆ 1425ರ ಸುಮಾರಿನಲ್ಲಿ ವಾರಂಗಲ್ಲನ್ನೇ ವಶಪಡಿಸಿಕೊಂಡನು. ತೆಲಂಗಾಣ, ಬೇರಾರು, ಮಾಳವ ಈ ಎಲ್ಲ ದಿಕ್ಕುಗಳ ಮೇಲೂ ಕಣ್ಣಿಡಲು ಅನುಕೂಲವಾದ ಬೀದರಿಗೆ ರಾಜಧಾನಿಯನ್ನು ಒಯ್ದನು. ಸ್ಥಳಾಂತರಕ್ಕೆ ಬೀದರಿನ ಹವೆ, ಅರಮನೆಯ ಒಳಜಗಳ ಮೊದಲಾದ ಬೇರೆ ಕಾರಣಗಳನ್ನೂ ಹೇಳುವುದುಂಟು. ಅವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಬೆನ್ನನ್ನು ಭದ್ರಪಡಿಸಿಕೊಳ್ಳದೆ ತುಂಗಭದ್ರೆಯತ್ತ ಮುಖಮಾಡಲಾಗದೆಂಬ ಅರಿವು ಆ ಆಯ್ಕೆಯಲ್ಲಿ ಎದ್ದು ಕಾಣುತ್ತದೆ.

ಇಷ್ಟಕ್ಕೂ ನಡುನಾಡಿನವರ ಗತಿಯೇನಾಯಿತು? ಉತ್ತರದ ಭಾಗವನ್ನು ಬಹಮನಿಗಳು ನುಂಗಿದರು. ಕೊಂಡವೀಡು ವಿಜಯನಗರಕ್ಕೆ ಸೇರಿತು. ರಾಜಮಹೇಂದ್ರಿಯು ಒರಿಸ್ಸದ ಗಜಪತಿಗಳ ಪಾಲಾಯಿತು. ಇಬ್ಬರು ದೊಡ್ಡವರ ನಡುವೆ ತಕ್ಕಡಿಯ ಮುಳ್ಳನ್ನು ಹಿಡಿದಿದ್ದೇವೆಂದು ನಂಬಿದವರು ತಾವೇ ತೂಕದ ಕಲ್ಲುಗಳಾಗಿ ಸವೆದುಹೋದರು. ದೊಡ್ಡವರೂ ಶಾಶ್ವತರಾಗಲಿಲ್ಲ. ಬಹಮನಿ ರಾಜ್ಯ ಒಡೆದ ಮೇಲೆ ಅದರ ತುಂಡುಗಳನ್ನು ಒಂದರ ಮೇಲೊಂದು ಎತ್ತಿಕಟ್ಟಿ ಆಡಿಸಿದ ಅಳಿಯ ರಾಮರಾಯನು, 1565ರಲ್ಲಿ ಅವು ಒಂದಾಗಿ ಬಂದಾಗ ತಲೆಯನ್ನೇ ಕಳೆದುಕೊಂಡನು. ಫಿರೋಜನ ತಪ್ಪು ಇನ್ನೊಂದು ವೇಷದಲ್ಲಿ ಮರಳಿ ಬಂದಿತ್ತು.

ಕಲಬುರಗಿಯಿಂದ ಕಮಲಾಪುರದತ್ತ ಹೋಗುವವರು ದಾರಿಯ ಹೊಳಕುಂದಾದಲ್ಲಿ ಬಹಮನಿ ಕಾಲದ ಗೋರಿಗಳ ಗುಂಪನ್ನು ಕಾಣಬಹುದು. ಅಲ್ಲಿ ಒಂದು ಗಳಿಗೆ ನಿಂತರೆ, ಹಿಂದೆ ಬಿಟ್ಟುಬಂದ ಫಿರೋಜನ ಜೋಡಿ ಗುಮ್ಮಟವೂ ಮುಂದೆ ಕಾದಿರುವ ಬೀದರಿನ ಕೋಟೆಯೂ ಒಂದೇ ಕಥೆಯ ಎರಡು ಪುಟಗಳೆಂದು ತೋರದಿರದು. ಶತ್ರುವಿನ ಬಲವನ್ನು ಎಲ್ಲ ಅರಸರೂ ಎಣಿಸುತ್ತಾರೆ. ಮಿತ್ರನಿಗೂ ತನ್ನದೇ ಆದ ಹಗೆಯುಂಟು, ಹಿತವುಂಟು ಎಂಬುದನ್ನು ಎಣಿಸಿದವರು ಮಾತ್ರ ವಿರಳ.